ಎಚ್‌ಐವಿ ಟೆಸ್ಟಿಗೆ ಬಂದೋರ ಹತ್ರ ಹಳೇ ನೋವಿನ ಬಗ್ಗೆ ಕೇಳೋದು ಹೇಗೆ?

ಇಲ್ಲಿ ದಾವಣಗೆರೆಲಿ ಹೊಸ ಕೌನ್ಸೆಲರ್‌ಗಳ ಪಕ್ಕ ಕೂತು ನೋಡಿದೀನಿ, ಪಿಟಿಎಸ್‌ಡಿ (ಭಯಂಕರದ್ದು ಏನಾದ್ರೂ ಆದ್ಮೇಲೆ ಮನಸ್ಸನ್ನ ಬಿಡದೆ ಕಾಡೋ ಕಾಯಿಲೆ) ಪ್ರಶ್ನೆಗಳನ್ನ ರೇಷನ್ ಕಾರ್ಡಿನ ಅರ್ಜಿ ತುಂಬೋ ಹಾಗೆ ಓದ್ತಾರೆ. "ನಿಮಗೆ ಆಘಾತವಾಗಿದೆಯೇ?" ಅಂದ್ರೆ ಒಬ್ಬ ಅಜ್ಜಿ "ಹಾರ್ಟ್ ಚೆಕ್ ಮಾಡ್ಸೀನವ್ವ, ಚೆನ್ನಾಗೈತಿ" ಅಂದ್ರು. ಹಾಳೆ ಮೇಲೆ "ಇಲ್ಲ" ಅಂತ ಟಿಕ್ ಬಿತ್ತು, ಅಜ್ಜಿ ಎದ್ದು ಹೋದ್ರು.

ಮೊದಲು ಬಾಗಿಲು ಹಾಕಿ, ಜೊತೆಗೆ ಬಂದ ಗಂಡನ್ನೋ ಅತ್ತೆನೋ ಹೊರಗೆ ಕೂರಿಸಿ. ಒಪ್ಪಿಗೆ ಕೇಳಿ, ಉತ್ತರ ಕೊಡದಿದ್ರೂ ಟೆಸ್ಟ್ ನಿಲ್ಲಲ್ಲ ಅಂತ ಬಾಯ್ಬಿಟ್ಟು ಹೇಳಿ. 2017ರ ಎಚ್‌ಐವಿ ಕಾಯ್ದೆಲಿ ಟೆಸ್ಟಿಗೆ ಒಪ್ಪಿಗೆ, ಗುಟ್ಟು ಕಾಯೋದು ಎರಡೂ ಇದೆ.

ಕೇಳೋದು ರಕ್ತ ತೆಗೆಯೋ ಮುಂಚೆ. ರಿಪೋರ್ಟ್ ಪಾಸಿಟಿವ್ ಅಂತ ಗೊತ್ತಾದ ಗಳಿಗೇಲಿ ಖಂಡಿತ ಬೇಡ, ಆ ದಿನದ ಗಾಬರಿ ಹಳೇದರ ಜೊತೆ ಕಲಸಿಹೋಗುತ್ತೆ.

ಈಗ ಎಲ್ಲರೂ ಎಡವೋ ಜಾಗ. ಪಿಸಿ-ಪಿಟಿಎಸ್‌ಡಿ-5 ಅನ್ನೋದು ಅಮೆರಿಕದ ಮಾಜಿ ಸೈನಿಕರ ಇಲಾಖೆಯವರು ಮಾಡಿದ ಪ್ರಶ್ನಾವಳಿ. ಮೊದಲ ಪ್ರಶ್ನೆ ನಾನು ಹಿಂಗೆ ಕೇಳ್ತೀನಿ: "ಅಕ್ಕಾ, ಆಕ್ಸಿಡೆಂಟು, ಬೆಂಕಿ, ಹೊಡೆತ, ಬಲವಂತ, ಮನೆಯವರು ಕೊಲೆಯಾಗೋ ಆತ್ಮಹತ್ಯೆ ಮಾಡ್ಕೊಂಡೋ ಜೀವ ಕಳ್ಕೊಂಡಿದ್ದು, ಇಂಥ ಭಯಂಕರದ್ದು ಯಾವತ್ತಾದ್ರೂ ಆಗಿದೆಯಾ? ಏನಾಯ್ತು ಅಂತ ಹೇಳೋದು ಬೇಡ, ಹೌದು ಇಲ್ಲ ಅಂದ್ರೆ ಸಾಕು." ಆ ಕೊನೇ ಮಾತು ಬಿಡಲೇಬೇಡಿ. ಕಥೆ ಕೆದಕಿದ್ರೆ ಗಾಯ ಬಿಚ್ಚಿ ಹಂಗೇ ಮನೆಗೆ ಕಳಿಸಿದ ಹಾಗೆ. ಅವರೇ ಬಾಯ್ಬಿಟ್ಟು ಮೂರು ದಿನದೊಳಗೆ ಬಲಾತ್ಕಾರ ಆಗಿದೆ ಅಂದ್ರೆ ಪ್ರಶ್ನೆ ಪಕ್ಕಕ್ಕಿಟ್ಟು ತಕ್ಷಣ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಸೋಂಕು ತಡೆಯೋ ಪಿಇಪಿ ಮಾತ್ರೆ 72 ಗಂಟೆಯೊಳಗೆ ಶುರುವಾಗ್ಬೇಕು, ಬೇಗ ಆದಷ್ಟೂ ಒಳ್ಳೇದು.

"ಇಲ್ಲ" ಅಂದ್ರೆ ಅಲ್ಲಿಗೇ ಮುಗೀತು. "ಹೌದು" ಅಂದ್ರೆ ಹಿಂದಿನ ಒಂದು ತಿಂಗಳದ್ದು ಐದು ಕೇಳಿ: ಅದರದೇ ಕೆಟ್ಟ ಕನಸು ಬೀಳುತ್ತಾ, ಬೇಡ ಅಂದ್ರೂ ನೆನಪಾಗುತ್ತಾ? ಆ ವಿಷಯ, ಆ ಜಾಗ ಬೇಕಂತ್ಲೇ ತಪ್ಪಿಸ್ತೀರಾ? ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತೀರಾ, ಸದಾ ಎಚ್ಚರದಲ್ಲೇ ಇರ್ತೀರಾ? ಮನಸ್ಸು ಕಲ್ಲಾದಂಗೆ, ಯಾರೂ ನಮ್ಮೋರಲ್ಲ ಅನ್ನೋ ಹಾಗಾಗುತ್ತಾ? ಆಗಿದ್ದಕ್ಕೆ ನಿಮ್ಮನ್ನೋ ಬೇರೆಯವರನ್ನೋ ದೂರ್ಕೊಳ್ತಾನೇ ಇರ್ತೀರಾ? ಪ್ರತಿ ಪ್ರಶ್ನೆ ಆದ್ಮೇಲೆ ಸುಮ್ನೆ ಕಾಯಿರಿ, ಉತ್ತರ ನೀವೇ ತುಂಬ್ಬೇಡಿ. ಹಾಳೆ ಕೈಗೆ ಕೊಟ್ಟು ತುಂಬಿ ಅನ್ನೋದು, ಫೋನಲ್ಲಿ ಶೇಕಡಾ ಲೆಕ್ಕ ತೋರಿಸೋ ಸ್ಟ್ರೆಸ್ ಟೆಸ್ಟು, ಎರಡೂ ಬೇಡ.

ಐದರಲ್ಲಿ ನಾಲ್ಕು "ಹೌದು" ಬಂದ್ರೆ ಪಿಟಿಎಸ್‌ಡಿ ಇರಬಹುದು ಅಂತ ಹಿಡಿಯೋರಿದಾರೆ, ಹೆಂಗಸರಲ್ಲಿ ಆ ಲೆಕ್ಕದಿಂದ ಸುಮಾರು ಜನ ತಪ್ಪಿಹೋಗ್ತಾರೆ, ನಾನು ಮೂರಕ್ಕೇ ಮುಂದೆ ಕಳಿಸ್ತೀನಿ. ಇದು ಬರೀ ಸ್ಕ್ರೀನಿಂಗು, ಕಾಯಿಲೆ ಇದೆ ಅಂತ ಹೇಳ್ಬೇಕಾದ್ದು ಮನೋವೈದ್ಯರು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ, ಕೇಳಿದ್ರೆ ತಲೆಗೆ ಹಾಕಿಕೊಟ್ಟಂಗೆ ಆಗಲ್ಲ. ಹೌದು ಅಂದ್ರೆ ಒಂಟಿಯಾಗಿ ಬಿಡ್ಬೇಡಿ.

ಮಾನಸಿಕ ವಿಭಾಗಕ್ಕೆ ಚೀಟಿ ಬರೆದು ಕಳಿಸೋ ಬದಲು ಜೊತೆಲೇ ನಡೀರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನದ 24 ಗಂಟೆನೂ ಇರುತ್ತೆ, ದುಡ್ಡಿಲ್ಲ. ಮನೇಲಿ ಫೋನ್ ತಡಕೋರಿದ್ರೆ ನಂಬರ್ ಸೇವ್ ಮಾಡ್ಸೋದು ಬೇಡ, ಐದೇ ಅಂಕಿ, ಬಾಯಿಪಾಠ ಮಾಡ್ಸಿ ಕಳಿಸಿ.