ಜೇನುಗೂಡಿನ ಗುರುತಿದ್ದ ಗಡಿಯಾರ

ಕ್ಯಾರಿಯೇಜ್ ಕ್ಲಾಕ್, ಅಂದರೆ ಪ್ರಯಾಣದಲ್ಲಿ ಒಯ್ಯುವ ಚಿಕ್ಕ ಗಡಿಯಾರ, ಬಿಚ್ಚುವ ಮೊದಲು ಸ್ಪ್ರಿಂಗಿನ ಕೀ ಪೂರ್ತಿ ಇಳಿಸಬೇಕು, ಅಂದರೆ ಅದರ ಬಿಗಿ ಸಡಿಲಿಸಬೇಕು. ಒಂದು ಒಳ್ಳೆಯ ಗಡಿಯಾರ ಹಾಳಾದ ಮೇಲೆ ನಾನು ಇದನ್ನು ಕಲಿತೆ.

ಕೆಲಸಕ್ಕೆಂದು ಫ್ರಾನ್ಸಿನ ನಾರ್ಮಂಡಿಗೆ ಬಂದ ವರ್ಷ, ಹಳೇ ಸಾಮಾನಿನ ಸಂತೆಯಲ್ಲಿ ಅದನ್ನು ಕೊಂಡಿದ್ದೆ. ಗೇಣಿಗಿಂತ ಚಿಕ್ಕ ಹಿತ್ತಾಳೆ ಪೆಟ್ಟಿಗೆ, ಸುತ್ತಲೂ ದಪ್ಪ ಗಾಜು, ಮೇಲೊಂದು ಹಿಡಿಕೆ. ಲೋಲಕದ ಗಡಿಯಾರ ಅಲುಗಾಡಿದರೆ ನಿಂತುಹೋಗುತ್ತದೆ, ಅಲ್ವಾ? ಇದರಲ್ಲಿ ಲೋಲಕ ಇಲ್ಲ. ಕೈಗಡಿಯಾರದ ಹಾಗೆ ಹಿಂದೆ ಮುಂದೆ ತಿರುಗುವ ಬ್ಯಾಲೆನ್ಸ್ ಚಕ್ರ ಇರುತ್ತದೆ. ಹಾಗಾಗಿ ಕುದುರೆಗಾಡಿಯಲ್ಲಿ ಇಟ್ಟುಕೊಂಡು ಹೋದರೂ ನಡೆಯುತ್ತದೆ. 1798ರಲ್ಲಿ ಈಜಿಪ್ಟಿಗೆ ದಂಡೆತ್ತಿ ಹೋಗುವ ಮುಂಚೆ ನೆಪೋಲಿಯನ್ ಬೊನಪಾರ್ಟೆ ಇಂಥದ್ದೊಂದನ್ನು ಪ್ಯಾರಿಸ್ಸಿನ ಗಡಿಯಾರ ತಯಾರಕ ಬ್ರೆಗೆ ಅವರಿಂದ ಕೊಂಡಿದ್ದ. ಆಗ ಅದು ದೊಡ್ಡವರ ಸೊತ್ತು. 1830ರ ಸುಮಾರಿಗೆ ಪ್ಯಾರಿಸ್ಸಿನವರೇ ಆದ ಪಾಲ್ ಗಾರ್ನಿಯೆ ಸರಳವಾದ ಮಾದರಿ ತಂದ ಮೇಲೆ ಉಳಿದವರ ಕೈಗೂ ಸಿಗತೊಡಗಿತು.

ಬ್ಯಾಲೆನ್ಸ್ ಚಕ್ರ ಕೂತಿರುವ ಚಿಕ್ಕ ತಗಡಿಗೆ ಪ್ಲಾಟ್‌ಫಾರ್ಮ್ ಅನ್ನುತ್ತಾರೆ. ನೆತ್ತಿಯ ಗಾಜಿನಿಂದ ಬಗ್ಗಿ ನೋಡಿದರೆ ಕಾಣುತ್ತದೆ. ಆ ಮೊದಲ ಗಡಿಯಾರದಲ್ಲಿ ನಾನು ಅದರ ನಾಲ್ಕು ಸ್ಕ್ರೂ ತೆಗೆದು ಸುಮ್ನೆ ಎತ್ತಿಬಿಟ್ಟೆ. ಸ್ಪ್ರಿಂಗಿನಲ್ಲಿ ಕೀ ತುಂಬಾ ಇತ್ತು. ತಡೆಯುವುದು ಏನೂ ಉಳಿಯಲಿಲ್ಲ. ಚಕ್ರಗಳು ಬರ್ರನೆ ಸುತ್ತಿ, ಟಕ್ ಅಂತ ನಿಂತವು. ನೋಡಿದರೆ ಒಂದು ಚಕ್ರದ ಐದು ಹಲ್ಲು ಮುರಿದಿದ್ದವು. ನೂರು ವರ್ಷ ದಾಟಿದ ಚಕ್ರ ಅದು. ಎರಡು ದಿನ ನನಗೆ ಊಟ ಸೇರಲಿಲ್ಲ.

ಎರಡನೆಯದು ಸಿಕ್ಕಾಗ ಅವಸರ ಮಾಡಲಿಲ್ಲ. ಡಯಲ್ ಮೇಲೆ ಲಂಡನ್ನಿನ ಅಂಗಡಿಯ ಹೆಸರಿತ್ತು. ಅದನ್ನು ನಂಬಬೇಡಿ, ಅದು ಮಾರಿದವರ ಹೆಸರು. ಹಿಂದಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಗಂಟೆಯ ಸದ್ದು ಮಾಡುವ ತಂತಿ, ಅಂದರೆ ಗಾಂಗಿನ ಸುರುಳಿಯ ಮರೆಯಲ್ಲಿ ಉಗುರಿಗಿಂತ ಚಿಕ್ಕ ಅಚ್ಚು: ಒಂದು ಜೇನುಗೂಡು, ಅದರ ಜೊತೆ ಎ, ಎಂ ಎಂಬ ಅಕ್ಷರ. ಗಡಿಯಾರ ಮಾಡಿದ ಮಾರ್ಗೇನ್ ಅವರ ಗುರುತು! ಗಿಣಿ ಇದ್ದರೆ ಆನ್ರಿ ಜಾಕೊ. ಡಿ, ಸಿ ಅಕ್ಷರಗಳ ನಡುವೆ ಪುಟ್ಟ ಗಡಿಯಾರ ಇದ್ದರೆ ದ್ರೊಕೂರ್.

ಆಮೇಲೆ ಕೀ ಇಳಿಸಿದೆ. ಕೀಯನ್ನು ಬಿಗಿಯಾಗಿ ಹಿಡಿದು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಬೇಕು. ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ, ಅಂದರೆ ಕ್ಲಿಕ್, ಸಡಿಲವಾಗುತ್ತದೆ. ಅದನ್ನು ಕಡ್ಡಿಯಿಂದ ಎತ್ತಿ ಹಿಡಿದು, ಕೀಯನ್ನು ಬೆರಳುಗಳ ನಡುವೆ ಸ್ವಲ್ಪ ಸ್ವಲ್ಪವೇ ಜಾರಬಿಡಬೇಕು. ಗಂಟೆ ಹೊಡೆಯುವ ಸ್ಪ್ರಿಂಗ್ ಬೇರೆ ಇರುತ್ತದೆ, ಅದಕ್ಕೂ ಹೀಗೇ. ಇಷ್ಟಾದ ಮೇಲೇ ಪ್ಲಾಟ್‌ಫಾರ್ಮ್ ಮುಟ್ಟಿದ್ದು.

ತೊಳೆದು ಒಣಗಿಸುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಚಕ್ರದ ಹಲ್ಲಿಗೆ ಮಾತ್ರ ಎಣ್ಣೆ ಹಾಕಬೇಡಿ, ಧೂಳು ಅಂಟಿ ಸವೆಯುತ್ತದೆ. ಪೆಟ್ಟಿಗೆಗೆ ಹಿತ್ತಾಳೆ ಪಾಲಿಶ್ ಬೇಡವೇ ಬೇಡ, ಚಿನ್ನದ ಲೇಪ ಇದ್ದರೆ ಎದ್ದುಹೋಗುತ್ತದೆ.

ಕಷ್ಟ ಇರುವುದು ಪ್ಲಾಟ್‌ಫಾರ್ಮನ್ನು ಮತ್ತೆ ಕೂರಿಸುವಾಗ. ಕೆಳಗಿನ ಚಕ್ರಗಳು ನೆಟ್ಟಗೆ ನಿಂತಿರುತ್ತವೆ, ಮೇಲಿನದು ಮಲಗಿರುತ್ತದೆ. ಎರಡನ್ನೂ ಸೇರಿಸುವುದು ಕಿರೀಟದ ಹಾಗೆ ಹಲ್ಲು ಪಕ್ಕಕ್ಕೆ ಚಾಚಿರುವ ಒಂದು ಚಕ್ರ. ಹಲ್ಲು ಜಾಸ್ತಿ ಆಳಕ್ಕೆ ಕಚ್ಚಿದರೆ ಗಡಿಯಾರ ನಿಲ್ಲುತ್ತದೆ, ಕಡಿಮೆಯಾದರೆ ಹಲ್ಲು ಜಾರುತ್ತದೆ. ಸ್ಕ್ರೂ ಅರ್ಧ ಬಿಗಿದು, ತಗಡನ್ನು ಉಗುರಿನಿಂದ ಅತ್ತಿತ್ತ ಸರಿಸುತ್ತಾ, ಚಕ್ರ ಚೂರೇ ಅಲುಗುವಷ್ಟು ಜಾಗ ಬಿಟ್ಟೆ. ಮೂರು ಸಂಜೆ ಹಿಡಿಯಿತು.

ದಿಯೆಪ್ ಪಕ್ಕದ ಸೇಂಟ್ ನಿಕೊಲಾ ದಾಲಿಯೆರ್ಮೋಂಗೂ ಹೋಗಿ ಬಂದೆ. ಒಂದೇ ಉದ್ದ ಬೀದಿಯ ಊರು. ಇಂಥ ಗಡಿಯಾರಗಳ ಒರಟು ಯಂತ್ರಗಳು ಇಲ್ಲಿ ತಯಾರಾಗಿ, ನಯ ಮಾಡಿಸಿಕೊಳ್ಳಲು ಪ್ಯಾರಿಸ್ಸಿಗೆ ಹೋಗುತ್ತಿದ್ದವು. ಹಲ್ಲು ಕೊರೆದ ಆ ಕೈಗಳ ಹೆಸರು ಯಾವ ತಗಡಿನ ಮೇಲೂ ಇಲ್ಲ. ಅಲ್ಲಿನ ಗಡಿಯಾರ ಮ್ಯೂಸಿಯಂನಲ್ಲಿ ಅವರ ಉಪಕರಣಗಳ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುತ್ತದೆ. ನಾನು ಭಾನುವಾರ ಕೊಡುತ್ತೇನೆ. ಮೇಲಿನ ಗುಂಡಿ ಒತ್ತಿದರೆ ಕಳೆದ ಗಂಟೆಯನ್ನು ಮತ್ತೊಮ್ಮೆ ಹೊಡೆಯುತ್ತದೆ. ಕತ್ತಲಲ್ಲಿ ದೀಪ ಹಚ್ಚದೆ ಸಮಯ ತಿಳಿಯಲಿ ಅಂತ ಮಾಡಿದ್ದು. ಮೊನ್ನೆ ರಾತ್ರಿ ಎಚ್ಚರವಾದಾಗ ಒತ್ತಿದೆ. ಮೂರು ಹೊಡೆಯಿತು.