‘ಸ್ಕೋಪ್ ಇದೆಯಾ ಸರ್?’ ಅನ್ನಬೇಡಿ, ನಿನ್ನೆಯ ಕೆಲಸ ಕೇಳಿ

ಪಿಯುಸಿ ಮುಗಿಸಿದ ಮಕ್ಕಳು ಯಾವುದೇ ವೃತ್ತಿಯವರನ್ನು ಕಂಡರೂ ಮೊದಲು ಕೇಳುವುದು, ‘ಈ ಫೀಲ್ಡಲ್ಲಿ ಸ್ಕೋಪ್ ಇದೆಯಾ?’ ಉತ್ತರವೂ ಸಿದ್ಧವಾಗಿರುತ್ತದೆ: ‘ಕಷ್ಟಪಟ್ಟರೆ ಎಲ್ಲದರಲ್ಲೂ ಇದೆಯಪ್ಪ.’ ಇದರಿಂದ ಇಬ್ಬರಿಗೂ ಏನೂ ದಕ್ಕುವುದಿಲ್ಲ. ಆ ಕೆಲಸ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಬೇಕಾದರೆ ಅವರ ಒಂದು ದಿನವನ್ನು ಬಿಡಿಸಿ ಕೇಳಬೇಕು. ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದಬೇಕೆಂದಿರುವ ಕಾಮರ್ಸ್ ವಿದ್ಯಾರ್ಥಿಯೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ವಿಧಾನ ಹೇಳುತ್ತೇವೆ.

ಒಬ್ಬರ ಮಾತು ಸಾಲದು. ಈಗ ಆರ್ಟಿಕಲ್‌ಶಿಪ್ (ಸಿಎ ಓದುವವರು ಸಿಎಗಳ ಕೈಕೆಳಗೆ ಮಾಡಬೇಕಾದ ತರಬೇತಿ) ಮಾಡುತ್ತಿರುವವರು ಒಬ್ಬರು, ಪಾಸಾಗಿ ನಾಲ್ಕೈದು ವರ್ಷ ಕಂಪನಿಯಲ್ಲಿ ದುಡಿದವರು ಒಬ್ಬರು, ಸ್ವಂತ ಆಫೀಸು ಇಟ್ಟವರು ಒಬ್ಬರು. ಸಾಧ್ಯವಾದರೆ ಸಿಎಯ ನಡುವಿನ ಹಂತವಾದ ಇಂಟರ್‌ಮೀಡಿಯೆಟ್‌ವರೆಗೆ ಓದಿ ಬಿಟ್ಟವರನ್ನೂ ಹುಡುಕಿ. ಏಕೆ ಬಿಟ್ಟರು ಎಂಬುದನ್ನು ಉಳಿದ ಮೂವರೂ ಹೇಳಲಾರರು. ನಂಬರ್ ಸಿಗುವುದು ಕಾಲೇಜಿನ ಅಕೌಂಟೆನ್ಸಿ ಮೇಷ್ಟ್ರಿಂದ, ಅಪ್ಪನ ಅಂಗಡಿಯ ಜಿಎಸ್‌ಟಿ ನೋಡಿಕೊಳ್ಳುವವರಿಂದ, ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಿಂದ. ಸ್ವಂತ ಚಿಕ್ಕಪ್ಪನೋ ಮಾವನೋ ಆದರೆ ಬುದ್ಧಿವಾದ ಜಾಸ್ತಿ, ಮಾಹಿತಿ ಕಡಿಮೆ. ಅವರನ್ನು ಕೊನೆಗಿಟ್ಟುಕೊಳ್ಳಿ.

ಯಾವಾಗ ಕೇಳುತ್ತೀರಿ ಎಂಬುದರಲ್ಲೇ ಅರ್ಧ ಗೆಲುವು. ಸಿಎ ಆಫೀಸಿನಲ್ಲಿ ಸಾಮಾನ್ಯವಾಗಿ ಪ್ರತಿ ತಿಂಗಳು 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್-3ಬಿ. ಜುಲೈನಿಂದ ಅಕ್ಟೋಬರ್‌ವರೆಗೆ ರಿಟರ್ನ್, ಟ್ಯಾಕ್ಸ್ ಆಡಿಟ್ ಎಂದು ಊಟಕ್ಕೂ ಪುರುಸೊತ್ತಿರುವುದಿಲ್ಲ. ಹಾಗಾಗಿ ನವೆಂಬರ್ ನಂತರ, 21ರಿಂದ ತಿಂಗಳ ಕೊನೆಯೊಳಗೆ ಕೇಳಿ. ಬೇರೆ ವೃತ್ತಿಗಳಿಗೂ ಇಂಥ ಕ್ಯಾಲೆಂಡರ್ ಇದೆ: ಕೃಷಿ ಅಧಿಕಾರಿಗೆ ಮುಂಗಾರು ಬಿತ್ತನೆ, ಬ್ಯಾಂಕಿನವರಿಗೆ ಮಾರ್ಚ್. ಮೆಸೇಜಿಗೆ ಉತ್ತರ ಬಾರದಿರಲು ಬಹಳ ಸಲ ಇದೇ ಕಾರಣ, ಅವರ ಅಹಂಕಾರವಲ್ಲ.

ಮೆಸೇಜು ಇಷ್ಟಿದ್ದರೆ ಸಾಕು: ‘ನಮಸ್ಕಾರ ಸರ್. ನಾನು ಹಾಸನದಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ. ನಮ್ಮ ಅಕೌಂಟೆನ್ಸಿ ಮೇಷ್ಟ್ರು ನಿಮ್ಮ ನಂಬರ್ ಕೊಟ್ಟರು. ಸಿಎ ಓದುವ ಆಸೆಯಿದೆ. ನಿಮ್ಮ ದಿನದ ಕೆಲಸ ಹೇಗಿರುತ್ತದೆಂದು ತಿಳಿಯಲು 20 ನಿಮಿಷ ಮಾತಾಡಬಹುದೇ? ಆರ್ಟಿಕಲ್‌ಶಿಪ್ ಕೇಳುವುದಕ್ಕಲ್ಲ. 21ರ ನಂತರ ನಿಮಗೆ ಅನುಕೂಲವಾದ ಹೊತ್ತು ತಿಳಿಸಿ.’ ಬರೀ ‘ಹಾಯ್ ಸರ್’ ಎಂದು ಕಳಿಸಿ ಕಾಯಬೇಡಿ. ಒಂದು ವಾರ ಉತ್ತರವಿಲ್ಲದಿದ್ದರೆ ಒಮ್ಮೆ ಮಾತ್ರ ನೆನಪಿಸಿ.

ಸಿಎ ಪರೀಕ್ಷೆಯ ಹಂತಗಳು, ಶುಲ್ಕ, ಆರ್ಟಿಕಲ್‌ಶಿಪ್ ಈಗ 2 ವರ್ಷ ಎಂಬುದು, ಇವೆಲ್ಲ ಸಿಎ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಸಿಎಐ ವೆಬ್‌ಸೈಟಿನಲ್ಲೇ ಇವೆ. ಅವನ್ನು ಮೊದಲೇ ಓದಿಕೊಂಡು ಹೋಗಿ. ಎದುರಿಗೆ ಕೂತಾಗ ಶುರು ಮಾಡಬೇಕಾದ್ದು ಇಲ್ಲಿಂದ: ‘ನಿನ್ನೆ ಬೆಳಿಗ್ಗೆ ಆಫೀಸಿಗೆ ಬಂದಾಗಿನಿಂದ ಏನೇನು ಮಾಡಿದಿರಿ?’ ‘ಆಡಿಟ್’ ಎಂದಷ್ಟೇ ಹೇಳಿದರೆ ಬಿಡಬೇಡಿ, ಆಡಿಟ್ ಎಂದರೆ ಕೈಯಲ್ಲಿ ಏನಿತ್ತು ಎಂದು ಕೇಳಿ. ಆಗ ನಿಜ ಹೊರಬರುತ್ತದೆ: ಕಕ್ಷಿದಾರರ ಗೋಡೌನಿನಲ್ಲಿ ಮೂಟೆ ಎಣಿಸಿದ್ದು, ವೋಚರ್ ಕಟ್ಟು ಬಿಚ್ಚಿ ಒಂದೊಂದು ಬಿಲ್ಲಿಗೂ ಟಿಕ್ ಹಾಕಿದ್ದು, ಬ್ಯಾಂಕ್ ಸ್ಟೇಟ್‌ಮೆಂಟಿಗೂ ಟ್ಯಾಲಿಗೂ (ಲೆಕ್ಕ ಬರೆಯುವ ಸಾಫ್ಟ್‌ವೇರ್) ತಾಳೆಯಾಗದ ಮೊತ್ತವನ್ನು ಸಂಜೆವರೆಗೆ ಹುಡುಕಿದ್ದು. ಅದನ್ನು ಕೇಳುವಾಗ ನಿಮಗೆ ಕುತೂಹಲ ಹುಟ್ಟಿತೋ ಆಕಳಿಕೆ ಬಂತೋ, ಗಮನಿಸಿ. ಅದಕ್ಕಿಂತ ಒಳ್ಳೆಯ ಆಪ್ಟಿಟ್ಯೂಡ್ ಟೆಸ್ಟ್ ನಮಗೆ ಗೊತ್ತಿಲ್ಲ.

ಮುಂದೆ: ಯಾವ ಭಾಗ ಬೇಜಾರು? ಹೊಸಬರು ಎಲ್ಲಿ ಎಡವುತ್ತಾರೆ? ಆಫೀಸಿನ ಕೆಲಸದ ನಡುವೆ ಪರೀಕ್ಷೆಗೆ ಯಾವಾಗ ಓದಿದಿರಿ? ‘ನಿಮ್ಮ ಸಂಬಳ ಎಷ್ಟು’ ಎಂದರೆ ಮುಜುಗರ. ‘ಈ ಊರಿನಲ್ಲಿ ಹೊಸದಾಗಿ ಪಾಸಾದವರಿಗೆ ಎಷ್ಟರಿಂದ ಶುರು?’ ಎಂದರೆ ಸಲೀಸಾಗಿ ಹೇಳುತ್ತಾರೆ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದರೆ ಹೊರಗೆ ಕೂರಿಸಿ. ಇಲ್ಲದಿದ್ದರೆ ಮಾತು ಹಿರಿಯರ ನಡುವೆಯೇ ಮುಗಿದು, ನೀವು ಕಾಫಿ ಕುಡಿದು ಬರುತ್ತೀರಿ. ಕೇಳದೆ ರೆಕಾರ್ಡ್ ಮಾಡಬೇಡಿ, ಪುಟ್ಟ ನೋಟ್‌ಬುಕ್ ಸಾಕು. 20 ನಿಮಿಷವಾದ ಕೂಡಲೇ ‘ಸಮಯವಾಯಿತು ಸರ್’ ಎಂದು ನೀವೇ ಹೇಳಿ. ಅವರೇ ಮುಂದುವರಿಸಿದರೆ ಕೂತುಕೊಳ್ಳಿ. ಏಳುವ ಮುಂಚೆ, ‘ಇನ್ಯಾರ ಹತ್ತಿರ ಮಾತಾಡಲಿ?’ ಎಂದು ಕೇಳಲು ಮರೆಯಬೇಡಿ.

ಅಂದೇ ರಾತ್ರಿ ಎರಡು ಸಾಲಿನ ಧನ್ಯವಾದ ಕಳಿಸಿ, ಅವರು ಹೇಳಿದ ಯಾವ ಮಾತು ಉಪಯೋಗವಾಯಿತೆಂದು ಹೆಸರಿಸಿ. ಕೊನೆಗೆ ಸಿಎ ಬೇಡವೆಂದು ಬಿ.ಕಾಂ. ಸೇರಿದರೂ ಅದನ್ನು ಅವರಿಗೆ ತಿಳಿಸಿ.