ನದಿ ಹತ್ತುವ ಮೀನಿನ ಲೆಕ್ಕ ಇಡುವುದು ಹೀಗೆ

ಆರಿದ್ರಾ ಮಳೆ ಹಿಡಿದು ಹೊಳೆ ಕೆಂಪಾದರೆ ಸಾಕು, ಘಟ್ಟದ ಮೇಲೆ ಹತ್ತುಮೀನಿನ ಮಾತು ಶುರುವಾಗುತ್ತದೆ. ಹೀಗೆ ನೀರಿಗೆ ಎದುರಾಗಿ ಏರುವ ಮೀನುಗಳಲ್ಲಿ ಹಿಲ್ಸಾ ದೇಶಕ್ಕೆಲ್ಲ ಹೆಸರುವಾಸಿ. ಸಮುದ್ರದಲ್ಲಿ ಬೆಳೆಯುತ್ತದೆ, ಮೊಟ್ಟೆ ಇಡಲು ನದಿಗೆ ಬರುತ್ತದೆ. ದಾರಿಯಲ್ಲಿ ಗೋಡೆ ಎದ್ದರೆ ಅಲ್ಲಿಗೇ ನಿಲ್ಲುತ್ತದೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಬಂದ ಮೇಲೆ ಕಾವೇರಿಯ ಹಿಲ್ಸಾ ಕಡಿಮೆಯಾಯಿತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ, ಗಂಗೆಯಲ್ಲಿ ಅಲಹಾಬಾದಿನವರೆಗೂ ಏರುತ್ತಿದ್ದ ಹಿಲ್ಸಾ ಅಲ್ಲಿ ಹೆಚ್ಚುಕಡಿಮೆ ಕಾಣೆಯಾಯಿತು. ಬ್ಯಾರೇಜಿಗೆ ಮೊದಲಿನ ಲೆಕ್ಕ ಬರೆದಿಟ್ಟಿದ್ದರು. ಹಾಗಾಗಿ ಎಷ್ಟು ಹೋಯಿತು ಅಂತ ಹೇಳಲು ಆಯಿತು.

ನಮ್ಮ ದಕ್ಕೆಗಳಲ್ಲಿ, ಅಂದರೆ ಮೀನು ಇಳಿಸುವ ಜಾಗಗಳಲ್ಲಿ, ಹಿರಿಯರು "ಮೊದಲು ಬುಟ್ಟಿ ತುಂಬ ಬರ್ತಿತ್ತು" ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಸಭೆಯಲ್ಲಿ ಎದ್ದು ನಿಂತು ಹೇಳಲು ತಾರೀಕು, ತೂಕ ಬೇಕಲ್ವಾ? ಹೀಗೆ ಲೆಕ್ಕ ಬರೆದಿಡುವ ಕೆಲಸವನ್ನು ಒಂದು ಕಾಲೇಜು ತಂಡ, ಒಂದು ಮೀನುಗಾರರ ಸಂಘ ಸೇರಿ ಮಾಡಬಹುದು.

ಎರಡು ಹೊಳೆ ಆರಿಸಿ

ಉತ್ತರ ಕನ್ನಡದ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು. ಸಮುದ್ರದಿಂದ ಹೊರಟ ಮೀನಿಗೆ ಮೊದಲು ಎದುರಾಗುವುದು ಕದ್ರಾ. ಶಿರಸಿ ಕಡೆಯಿಂದ ಇಳಿದು ತದಡಿಯಲ್ಲಿ ಸಮುದ್ರ ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅದರ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಒಂದೇ ಮಳೆಗಾಲ, ಒಂದೇ ಸಮುದ್ರ. ಒಂದು ಹೊಳೆ ಕಟ್ಟಿದ್ದು, ಇನ್ನೊಂದು ಬಿಟ್ಟಿದ್ದು. ಹೋಲಿಸಿ ನೋಡಲು ಇಂಥ ಜೋಡಿ ಸುಲಭಕ್ಕೆ ಸಿಗುವುದಿಲ್ಲ.

ಪ್ರತಿ ಹೊಳೆಯಲ್ಲೂ ಮೂರು ಜಾಗ ಸಾಕು: ಬಾಯಿ, ನಡು, ಉಪ್ಪು ಮುಗಿಯುವ ತುದಿ. ಅಘನಾಶಿನಿಗೆ ತದಡಿ, ದಿವಗಿ, ಉಪ್ಪಿನಪಟ್ಟಣ. ಕಾಳಿಗೆ ಕೋಡಿಬಾಗ, ಕಿನ್ನರ, ಕದ್ರಾದ ಕೆಳಗಿನ ಒಂದು ಮಡು.

ಮೀನು ಯಾವುದು?

ಇಲ್ಲಿ ಅವಸರ ಬೇಡ. ಒಂದೇ ಮೀನಿಗೆ ಕಾರವಾರದ ಕೊಂಕಣಿಯಲ್ಲಿ ಒಂದು ಹೆಸರು, ಕುಮಟಾದ ದಕ್ಕೆಯಲ್ಲಿ ಇನ್ನೊಂದು. ಮಾರುವ ಅಕ್ಕಂದಿರು ಹೇಳಿದ ಹೆಸರನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಪಕ್ಕದಲ್ಲೇ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ಹಿಲ್ಸಾ ಬಳಗದ ಮೀನಿನ ಹೊಟ್ಟೆಯ ಅಂಚಿಗೆ ಬೆರಳು ಆಡಿಸಿದರೆ ಗರಗಸದಂತೆ ತಾಗುತ್ತದೆ. ಹಿಲ್ಸಾದ ಮೇಲ್ದವಡೆಯ ನಡುವೆ ಒಂದು ಕಚ್ಚು ಇರುತ್ತದೆ. ಕೆಸರು ತಿನ್ನುವ ಗಿಜರ್ಡ್ ಶ್ಯಾಡ್‌ಗೆ ಬಾಯಿ ಮೂತಿಯ ಕೆಳಗೆ, ಕಿವಿರಿನ ಹಿಂದೆ ಕಪ್ಪು ಮಚ್ಚೆ. ಅದರ ಕೆಲವು ಜಾತಿಗಳಲ್ಲಿ ಬೆನ್ನಿನ ರೆಕ್ಕೆಯ ಕೊನೆಯ ಕಡ್ಡಿ ನೂಲಿನಂತೆ ಉದ್ದವಾಗಿರುತ್ತದೆ. ಮೈಮೇಲಿನ ಚುಕ್ಕೆ ಒಂದನ್ನೇ ನಂಬಬೇಡಿ, ಎಳೆಯ ಹಿಲ್ಸಾಕ್ಕೂ ಚುಕ್ಕೆ ಇರುತ್ತವೆ. ಸಂಶಯ ಬಂದರೆ ಮೀನನ್ನು ಮಂಜುಗಡ್ಡೆಯಲ್ಲಿಟ್ಟು ಕಾರವಾರದಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರದಲ್ಲಿ ತೋರಿಸಿ.

ಬಲೆಯ ಲೆಕ್ಕ, ಬುಟ್ಟಿಯ ಲೆಕ್ಕ ಅಲ್ಲ

ಇಡೀ ಕೆಲಸದ ಬೆನ್ನೆಲುಬು ಇದು. ಒಂದು ದಿನ 100 ಮೀಟರ್ ಬಲೆ 2 ಗಂಟೆ ಬಿಟ್ಟಾಗ 6 ಕಿಲೋ ಬಂತು ಅಂದುಕೊಳ್ಳಿ. ಮುಂದಿನ ಸಲ 200 ಮೀಟರ್ ಬಲೆ 3 ಗಂಟೆ ಬಿಟ್ಟಾಗ 9 ಕಿಲೋ. ಬುಟ್ಟಿ ನೋಡಿದರೆ ಎರಡನೇ ಸಲ ಜಾಸ್ತಿ. 100 ಮೀಟರ್ ಬಲೆಗೆ ಗಂಟೆಗೆ ಎಷ್ಟು ಅಂತ ಕೇಳಿ: ಮೊದಲ ಸಲ 3 ಕಿಲೋ, ಎರಡನೇ ಸಲ ಒಂದೂವರೆ. ಅಂದರೆ ಅರ್ಧಕ್ಕೆ ಇಳಿದಿದೆ. ಹಾಗಾಗಿ ಬಲೆಯ ಉದ್ದ, ಬಲೆಯ ಕಣ್ಣು, ಬಿಟ್ಟ ಹೊತ್ತು, ಎತ್ತಿದ ಹೊತ್ತು, ಉಬ್ಬರವೋ ಇಳಿತವೋ, ಇಷ್ಟನ್ನೂ ಪ್ರತಿ ಸಲ ಬರೆಯಲೇಬೇಕು. ಅಮಾವಾಸ್ಯೆ, ಹುಣ್ಣಿಮೆ ಎರಡಕ್ಕೂ ಹೋಗಿ. ಒಂದೇ ಅಳತೆಯ ಕಣ್ಣು ಒಂದೇ ಗಾತ್ರದ ಮೀನನ್ನು ಹಿಡಿಯುತ್ತದೆ, ಆದ್ದರಿಂದ ಎರಡು ಮೂರು ಅಳತೆಯ ಬಲೆ ಇಟ್ಟುಕೊಳ್ಳಿ.

ಮೀನು ಬಾರದ ದಿನವನ್ನೂ ಬರೆಯಿರಿ. ನಾನು ಮೊದಲ ವರ್ಷ ಖಾಲಿ ಬಲೆಯ ದಿನಗಳನ್ನು ಬಿಟ್ಟುಬಿಟ್ಟಿದ್ದೆ. ವರ್ಷದ ಕೊನೆಗೆ ಪುಸ್ತಕ ತೆರೆದರೆ ಹೊಳೆಯಲ್ಲಿ ದಿನಾ ಮೀನು ಇದ್ದ ಹಾಗೆ ಕಾಣುತ್ತಿತ್ತು. ಆ ವರ್ಷದ ಲೆಕ್ಕ ಉಪಯೋಗಕ್ಕೇ ಬರಲಿಲ್ಲ. ಇವತ್ತಿಗೂ ಅದು ನನಗೆ ಬೇಜಾರು.

ಅಳತೆ, ಗಾಬೋಳಿ, ನೀರು

ಲೆಕ್ಕಕ್ಕೆ ಅಂತ ಸುಮ್ನೆ ಮೀನು ಕೊಲ್ಲಬೇಡಿ. ಹಿಲ್ಸಾ ನೀರಿನಿಂದ ಎತ್ತಿದರೆ ಬೇಗ ಸಾಯುತ್ತದೆ, ಮುಟ್ಟಿದರೆ ಹುರುಪೆ ಉದುರುತ್ತದೆ. ಮಾರಾಟಕ್ಕೆ ಬಂದದ್ದನ್ನೇ ಅಳೆಯಿರಿ. ಬಾಲದ ತುದಿ ಮುರಿದಿರಬಹುದು, ಅದಕ್ಕೆ ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ ಹಿಡಿಯಿರಿ. ಕೆಲವು ಹೆಣ್ಣು ಮೀನು ಕೊಂಡು ಗಾಬೋಳಿಯ, ಅಂದರೆ ಹೊಟ್ಟೆಯೊಳಗಿನ ಮೊಟ್ಟೆಗಂಟಿನ, ತೂಕವನ್ನು ಮೀನಿನ ತೂಕದಿಂದ ಭಾಗಿಸಿ, 100ರಿಂದ ಗುಣಿಸಿ. ತಿಂಗಳಿಂದ ತಿಂಗಳಿಗೆ ಈ ಸಂಖ್ಯೆ ಏರಿ, ಒಮ್ಮೆಲೇ ಕುಸಿದರೆ ಮೊಟ್ಟೆ ಇಡುವ ಕಾಲ ಅದೇ.

ಉಪ್ಪಿನಂಶವನ್ನು ಮೇಲೂ ನೋಡಿ, ತಳದಲ್ಲೂ ನೋಡಿ. ಸಿಹಿನೀರಿನ ಅಡಿಯಲ್ಲಿ ಉಪ್ಪುನೀರು ನುಗ್ಗಿ ಬರುವುದುಂಟು. ಮೀನಿನ ತಲೆಯೊಳಗಿನ ಕಿವಿಗಲ್ಲನ್ನೂ ಒಣಗಿಸಿ, ತಾರೀಕು ಬರೆದು ಇಟ್ಟುಕೊಳ್ಳಿ. ಅದರಲ್ಲಿರುವ ಸ್ಟ್ರಾನ್ಷಿಯಂ ಅಳೆದರೆ ಮೀನು ಯಾವ ವಯಸ್ಸಿನಲ್ಲಿ ಉಪ್ಪುನೀರಲ್ಲಿತ್ತು, ಯಾವಾಗ ಸಿಹಿನೀರಿಗೆ ಬಂತು ಅಂತ ಪ್ರಯೋಗಾಲಯದವರು ಹೇಳಬಲ್ಲರು.

ಲೆಕ್ಕದಿಂದ ಕಟ್ಟುಪಾಡಿಗೆ

ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಸಮುದ್ರಕ್ಕಿಳಿಯುವಂತಿಲ್ಲ. ಹೊಳೆಯೊಳಗಿನ ಬಲೆಗೆ ಕಟ್ಟುಪಾಡು ಊರಿಂದಲೇ ಹುಟ್ಟಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಾಂಗ್ಲಾದೇಶದಲ್ಲಿ ಅಕ್ಟೋಬರ್ ಸುಮಾರಿಗೆ 22 ದಿನ ಹಿಲ್ಸಾ ಹಿಡಿಯುವುದನ್ನು ನಿಲ್ಲಿಸುತ್ತಾರೆ, ಆಗ ಮೀನುಗಾರರ ಮನೆಗೆ ಅಕ್ಕಿ ಕೊಡುತ್ತಾರೆ. ಪಶ್ಚಿಮ ಬಂಗಾಳದಲ್ಲಿ 23 ಸೆಂಟಿಮೀಟರಿಗಿಂತ ಚಿಕ್ಕ ಹಿಲ್ಸಾ ಹಿಡಿಯುವಂತಿಲ್ಲ. ಆ ಸಂಖ್ಯೆಗಳನ್ನು ಹಾಗೇ ಇಲ್ಲಿಗೆ ತರಬೇಡಿ. ಅರ್ಧದಷ್ಟು ಹೆಣ್ಣು ಮೀನಿಗೆ ಗಾಬೋಳಿ ಕಟ್ಟುವ ಉದ್ದ ಎಷ್ಟು ಅಂತ ನಿಮ್ಮ ಪುಸ್ತಕವೇ ಹೇಳುತ್ತದೆ. ಬಲೆಯ ಕಣ್ಣನ್ನು ಅದಕ್ಕೆ ಹೊಂದಿಸಿ.

ಹೊಳೆಗೆ ಅಡ್ಡಲಾಗಿ ದಂಡೆಯಿಂದ ದಂಡೆಗೆ ಬಲೆ ಕಟ್ಟದಿರುವುದು, ಮೊಟ್ಟೆ ಇಡುವ ಮಡುವನ್ನು ಆ ಕೆಲವು ವಾರ ಬಿಟ್ಟುಬಿಡುವುದು, ಮರಿಗಳು ಗಜನಿಯಲ್ಲಿ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಯಲ್ಲಿ) ಇದ್ದಾಗ ತೂಬಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಒಡ್ಡದಿರುವುದು: ಇವು ಊರಿನ ಕೈಯಲ್ಲಿವೆ. ಕದ್ರಾದಿಂದ ನೀರು ಬಿಡುವ ಹೊತ್ತು ಊರಿನ ಕೈಯಲ್ಲಿಲ್ಲ. ಅದನ್ನು ಕೇಳಲು ನೀರಿನ ಮಟ್ಟ, ಬಲೆಯ ಲೆಕ್ಕ ಎರಡೂ ಅಕ್ಕಪಕ್ಕ ಬರೆದ ಪುಸ್ತಕ ಬೇಕು. ಅದರ ಒಂದು ಪ್ರತಿಯನ್ನು ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು ದಾಖಲಾತಿಗೆ ಸೇರಿಸಿ, ಒಂದನ್ನು ಸಂಘದಲ್ಲಿ ಇಟ್ಟುಕೊಳ್ಳಿ.

ಮೊದಲ ಬಲೆಯನ್ನು ಮೇ ತಿಂಗಳ ಅಮಾವಾಸ್ಯೆಗೇ ಬಿಡಿ. ಹೊಳೆ ಕೆಂಪಾಗುವ ಮೊದಲಿನ ನಾಲ್ಕು ಸಾಲಾದರೂ ಪುಸ್ತಕದಲ್ಲಿ ಇರಲಿ.